ಅಡ್ಡಹೆಸರುಗಳ ಉತ್ಪತ್ತಿಯೂ ವಲಸೆಯಲ್ಲಿ ಅವುಗಳ ರೂಪಾಂತರವೂ

ಮನುಷ್ಯನಿಗೆ ಸಾಮಾನ್ಯವಾಗಿ ಎರಡು ಹೆಸರುಗಳುಂಟು. ತೊಟ್ಟಿಲಲ್ಲಿ ಹಾಕಿದಾಗ ತಾಯಿತಂದೆಗಳು ಕರೆದ ಹೆಸರು ಒಂದು. ಅವನು ಹುಟ್ಟುವುದಕ್ಕೆ ಮೊದಲೇ ಮನೆಯಲ್ಲಿದ್ದು, ಅವನು ಲಿಂಗೈಕ್ಯನಾದ ತರುವಾಯವೂ ಮನೆಯಲ್ಲಿ ಉಳಿಯತಕ್ಕ ಹೆಸರು ಇನ್ನೊಂದು. ಮೊದಲನೆಯದು ಅವನದು, ಎರಡನೆಯದು ಮನೆತನದ್ದು. ಈ ಎರಡನೆಯದನ್ನೇ ನಮ್ಮ ಉತ್ತರದ ಜಿಲ್ಲೆಗಳಲ್ಲಿ ಅಡ್ಡಹೆಸರೆಂದು ಕರೆಯುವರು. ದಿನವೂ ನಾಲಗೆಯ ಮೇಲೆ ಆಡುವ ಈ ಶಬ್ದದೊಳಗೆ ಊರಿನ ಚರಿತ್ರೆ, ಕಾಯಕದ ಚರಿತ್ರೆ, ರಾಜ್ಯಗಳ ಏಳುಬೀಳು ಮತ್ತು ನಮ್ಮ ಹಿರಿಯರು ನಡೆದ ದಾರಿ ಇವೆಲ್ಲವೂ ಅಡಗಿರುವುವೆಂಬುದನ್ನು ಬಹುಜನರು ಎಣಿಸುವುದಿಲ್ಲ.

ಮಠಗಳ ಮಹೋತ್ಸವಗಳಿಗೆ ದೂರದೂರದ ಭಕ್ತರು ಬಂದು ನೆರೆಯುವಾಗ ಈ ವಿಷಯವು ತಾನಾಗಿ ಕಣ್ಣಿಗೆ ಬೀಳುವುದು. ಒಂದೇ ಮನೆಯಲ್ಲಿ ಹುಟ್ಟಿದ ಮೂವರು ಅಣ್ಣತಮ್ಮಂದಿರ ಮೊಮ್ಮಕ್ಕಳು ದಾಸೋಹದ ಖಾತೆಯಲ್ಲಿ ಹೆಸರು ಬರೆಯಿಸುವಾಗ ಮೂರು ಬೇರೆ ಬೇರೆ ಹೆಸರು ಹೇಳುವುದುಂಟು. ಊರಲ್ಲಿಯೇ ಉಳಿದವನು ಅಜ್ಜನ ಅಡ್ಡಹೆಸರನ್ನು ಹೇಳುವನು; ಮುಂಬಯಿಗೆ ಹೋದವನ ವಂಶದವನು ಊರಿನ ಹೆಸರಿಗೆ ಒಂದು ಪ್ರತ್ಯಯ ಹಚ್ಚಿ ಹೇಳುವನು; ಕಡಲು ದಾಟಿದವನ ಮಗನು ತನ್ನ ತಂದೆಯ ಹೆಸರನ್ನೇ ಮನೆತನದ ಹೆಸರೆಂದು ಹೇಳುವನು. ಮೂವರೂ ಸುಳ್ಳು ಹೇಳುವವರಲ್ಲ. ಆದರೆ ಮೂವರೂ ಒಂದೇ ಗದ್ದುಗೆಗೆ ನಡೆದುಕೊಂಡ ಮನೆಯವರೆಂಬುದು ಆ ಮೂರು ಹೆಸರುಗಳಿಂದ ಗೊತ್ತಾಗುವುದಿಲ್ಲ. ಹೀಗಾಗಲು ಕಾರಣವೇನು, ಹೆಸರು ಎಲ್ಲಿ ಹುಟ್ಟಿ ಎಲ್ಲಿ ಮುರಿಯಿತು ಎಂಬುದನ್ನು ವಿಚಾರಿಸುವುದು ಅವಶ್ಯವಾಗಿದೆ.

೧. ಶಾಸನಗಳಲ್ಲಿ ಹೆಸರು

ಕನ್ನಡನಾಡಿನ ಶಾಸನಗಳನ್ನು ನೋಡಿದರೆ, ಬರಿಯ ಹೆಸರಿನಿಂದ ಮನುಷ್ಯನನ್ನು ಗುರುತಿಸುವುದು ಸಾಲದೆಂಬ ಭಾವನೆ ಬಹು ಪುರಾತನವಾದುದೆಂದು ತಿಳಿಯುವುದು. ಕ್ರಿ. ಶ. ಸುಮಾರು ೭೦೦ರ ಬಾದಾಮಿಯ ಬಂಡೆಗಲ್ಲಿನ ಶಾಸನದಲ್ಲಿ ಕಪ್ಪೆ ಅರಭಟ್ಟನೆಂಬ ವೀರನ ವರ್ಣನೆಯಿದೆ. ಅರಭಟ್ಟನೆಂಬ ಹೆಸರಿನ ಹಿಂದೆ ನಿಂತ ‘ಕಪ್ಪೆ’ ಎಂಬ ಮಾತಿನ ಅರ್ಥವನ್ನು ಕುರಿತು ವಿದ್ವಾಂಸರಲ್ಲಿ ಚರ್ಚೆಯಿದ್ದರೂ, ಗುರುತಿನ ಮಾತು ಮುಂದಾಗಿ, ಸ್ವಂತ ಹೆಸರು ಹಿಂದಾಗಿ ಬರುವ ಕನ್ನಡದ ಕ್ರಮವು ಆ ಕಾಲಕ್ಕೇ ಇದ್ದುದು ಸ್ಪಷ್ಟವಾಗಿದೆ.

ತರುವಾಯದ ಶಾಸನಗಳಲ್ಲಿ ಅಧಿಕಾರದ ಹೆಸರುಗಳು ವಿಪುಲವಾಗಿ ಬರುವುವು. ಊರಿಗೆ ಹಿರಿಯನಾದವನು ಗಾಮುಂಡ ಅಥವಾ ಗಾವುಂಡ. ಈ ಶಬ್ದವೇ ಸವೆದು ಸವೆದು ‘ಗೌಡ’ ಎಂದಾಯಿತು. ನಾಡಿಗೆ ಹಿರಿಯನಾದ ನಾಳ್ಗಾವುಂಡನು ‘ನಾಡಗೌಡ’ನಾದನು. ಹಳಗನ್ನಡದ ಪೆರ್ಗಡೆಯು, ಪಕಾರವು ಹಕಾರವಾಗುವ ನಿಯಮಕ್ಕನುಸಾರವಾಗಿ ‘ಹೆಗ್ಗಡೆ’ಯಾಗಿ, ಮಲೆನಾಡಿನಲ್ಲಿ ‘ಹೆಗಡೆ’ಯಾಗಿ, ಕರಾವಳಿಯಲ್ಲಿ ‘ಹೆಗ್ಡೆ’ಯಾಗಿ ಇಂದಿಗೂ ಬಾಳುತ್ತಿದೆ. ಊರ ಲೆಕ್ಕವನ್ನು ಬರೆಯುವ ಸೇನಬೋವನು ಶಾನುಭೋಗನಾದನು. ಸಂಸ್ಕೃತದ ಶ್ರೇಷ್ಠಿಯು ಸೆಟ್ಟಿಯಾಗಿ, ಶೆಟ್ಟಿ, ಶೆಟ್ಟರ, ಪಟ್ಟಣಶೆಟ್ಟಿ ಎಂದು ಕವಲೊಡೆಯಿತು. ಇವೆಲ್ಲವೂ ಆಗ ಅಡ್ಡಹೆಸರುಗಳಾಗಿರಲಿಲ್ಲ, ಹೊತ್ತ ಹೊಣೆಯ ಹೆಸರುಗಳಾಗಿದ್ದುವು. ಹೊಣೆಯು ತಂದೆಯಿಂದ ಮಗನಿಗೆ ಇಳಿದು ಬಂದಂತೆ ಹೆಸರೂ ಇಳಿದು ಬಂದಿತು.

೨. ಶರಣರ ಕಾಯಕನಾಮಗಳು

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ನೆರೆದ ಶರಣರ ಹೆಸರುಗಳನ್ನು ನೆನೆದರೆ ಹೆಸರಿನ ಚರಿತ್ರೆಯಲ್ಲಿ ಒಂದು ಹೊಸ ಯುಗವೇ ತೆರೆಯುವುದು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದರ ಕೇತಯ್ಯ, ಹಡಪದ ಅಪ್ಪಣ್ಣ, ಒಕ್ಕಲಿಗ ಮುದ್ದಣ್ಣ, ತುರುಗಾಹಿ ರಾಮಣ್ಣ, ವೈದ್ಯ ಸಂಗಣ್ಣ ಮುಂತಾದ ಹೆಸರುಗಳಲ್ಲಿ ಮುಂದೆ ನಿಂತಿರುವುದು ಅಧಿಕಾರವಲ್ಲ, ಬಿರುದಲ್ಲ, ಭೂಮಿಯಲ್ಲ, ಕೈಯ ಕಾಯಕ. ಲೋಕವು ಕೀಳೆಂದು ಎಣಿಸಿದ ಕೆಲಸದ ಹೆಸರನ್ನು ಅವರು ಮರೆಮಾಡಲಿಲ್ಲ. ಅಂಬಿಗರ ಚೌಡಯ್ಯನಂತೂ ತನ್ನ ಕಾಯಕದೊಡನೆ ಕೂಡಿದ ತನ್ನ ಹೆಸರನ್ನೇ ವಚನಗಳ ಅಂಕಿತವಾಗಿ ಇಟ್ಟುಕೊಂಡನು.

ಸ್ತ್ರೀಯರ ವಿಷಯದಲ್ಲಿ ಇದು ಇನ್ನೂ ಗಮನಾರ್ಹವಾಗಿದೆ. ಕದಿರಿನಿಂದ ನೂಲು ತೆಗೆಯುವ ಕದಿರ ರೆಮ್ಮವ್ವೆ, ಕೊಟ್ಟಣ ಕುಟ್ಟುವ ಕೊಟ್ಟಣದ ಸೋಮಮ್ಮ ಇವರನ್ನು ಗಂಡನ ಹೆಸರಿನಿಂದ ಯಾರೂ ಗುರುತಿಸಲಿಲ್ಲ. ಸ್ವಂತ ದುಡಿಮೆಯೇ ಅವರ ಗುರುತು. ಲೋಕದ ಬಹುಭಾಗಗಳಲ್ಲಿ ಹೆಣ್ಣಿನ ಹೆಸರು ತಂದೆಯಿಂದ ಗಂಡನಿಗೆ ಕೈಬದಲಾಗುವ ವಸ್ತುವಾಗಿ ಉಳಿದಿರಲು, ಎಂಟುನೂರು ವರ್ಷಗಳ ಹಿಂದೆ ಕನ್ನಡನಾಡಿನ ಈ ತಾಯಂದಿರು ತಮ್ಮ ಕೆಲಸದ ಹೆಸರಿನಿಂದ ಬಾಳಿದರೆಂಬುದನ್ನು ಮರೆಯತಕ್ಕದ್ದಲ್ಲ.

ಕಲ್ಯಾಣವೇ ಒಂದು ದೊಡ್ಡ ವಲಸೆಯ ಊರು. ಅಲ್ಲಮಪ್ರಭುಗಳು ಬಳ್ಳಿಗಾವೆಯ ಕಡೆಯಿಂದ, ಅಕ್ಕಮಹಾದೇವಿಯು ಉಡುತಡಿಯಿಂದ, ಸಿದ್ಧರಾಮನು ಸೊನ್ನಲಿಗೆಯಿಂದ ಬಂದರು. ಆ ಸೊನ್ನಲಿಗೆಯೇ ಈಗಿನ ಸೊಲ್ಲಾಪುರ. ಊರಿನ ಹೆಸರು ಮಾರ್ಪಟ್ಟರೂ ‘ಸೊನ್ನಲಿಗೆಯ ಸಿದ್ಧರಾಮ’ ಎಂಬ ಮಾತಿನಲ್ಲಿ ಹಳೆಯ ರೂಪವು ಕಲ್ಲಿನಂತೆ ಉಳಿದಿದೆ. ಸೌರಾಷ್ಟ್ರದಿಂದ ವ್ಯಾಪಾರಕ್ಕಾಗಿ ಪುಲಿಗೆರೆಗೆ ಬಂದು ನೆಲೆಸಿದ ಆದಯ್ಯನ ಕಥೆಯನ್ನು ಹರಿಹರ ಕವಿಯು ರಗಳೆಯಾಗಿ ರಚಿಸಿದ್ದಾನೆ. ಈ ಶರಣನು ಕನ್ನಡದಲ್ಲಿ ವಚನಗಳನ್ನು ನುಡಿದರೂ ತನ್ನ ಅಂಕಿತದಲ್ಲಿ ಸೌರಾಷ್ಟ್ರ ಸೋಮೇಶ್ವರನನ್ನೇ ಉಳಿಸಿಕೊಂಡನು. ಇದಕ್ಕೆ ಪ್ರತಿಯಾಗಿ, ಕಾಶ್ಮೀರದ ಅರಸನಾಗಿದ್ದು ರಾಜ್ಯವನ್ನು ತೊರೆದು ಬಂದನೆಂದು ಪರಂಪರೆಯು ಹೇಳುವ ಮಾರಯ್ಯನು, ಅರಸುತನದ ಹೆಸರನ್ನೂ ನಾಡಿನ ಹೆಸರನ್ನೂ ಬಿಟ್ಟು, ಕಟ್ಟಿಗೆಯ ಹೊರೆಯನ್ನು ಮಾರುವ ಕಾಯಕದಿಂದ ಮೋಳಿಗೆಯ ಮಾರಯ್ಯನೆನಿಸಿದನು. ಹೀಗೆ ವಲಸೆ ಬಂದವನ ಮುಂದೆ ಇರುವ ಎರಡು ದಾರಿಗಳೂ ಅಲ್ಲಿಯೇ ಕಾಣುವುವು: ಬಿಟ್ಟು ಬಂದ ಊರನ್ನು ಹೆಸರಿನಲ್ಲಿ ಹೊತ್ತು ನಡೆಯುವುದು, ಇಲ್ಲವೆ ನೆಲೆಸಿದ ಊರಿನ ಬಾಳನ್ನು ಹೆಸರಾಗಿ ತಾಳುವುದು. ಮುಂದಿನ ಎಲ್ಲ ವಲಸೆಗಳಲ್ಲಿಯೂ ಈ ಎರಡು ದಾರಿಗಳೇ ಮತ್ತೆ ಮತ್ತೆ ತೋರುವುವು.

ಇಲ್ಲಿ ಒಂದು ಮಾತನ್ನು ಮುಚ್ಚಿಡಲಾಗದು. ಶರಣರಲ್ಲಿ ಕಾಯಕನಾಮವು ಕೈಯಿಂದ ಹುಟ್ಟಿತು. ಅವರ ತರುವಾಯ ಅದೇ ಹೆಸರು ಹೊಟ್ಟೆಯಿಂದ ಹುಟ್ಟತೊಡಗಿತು. ಕೆಲಸವನ್ನು ಬಿಟ್ಟ ಮೇಲೂ ಹೆಸರು ಬಿಡಲಿಲ್ಲ. ಹೆಸರನ್ನು ಕೇಳಿ ಕುಲವನ್ನು ಅಳೆಯುವ ಅಭ್ಯಾಸವೂ ಬಿಡಲಿಲ್ಲ. ಸಮತೆಯ ಗುರುತಾಗಿ ಮುಂದೆ ಬಂದ ಮಾತು ಕೆಲವು ಮನೆಗಳಿಗೆ ಭಾರವಾಯಿತು. ಊರು ಬಿಟ್ಟು ಹೋದ ಅನೇಕರು ಹೆಸರನ್ನು ಬದಲಿಸಿದ್ದಕ್ಕೆ ಈ ಭಾರವೂ ಒಂದು ಕಾರಣವಾಗಿದೆ.

೩. ವತನಗಳ ಕಾಲ

ಬಹಮನಿ, ಆದಿಲಶಾಹಿ ಮತ್ತು ಮರಾಠರ ಆಳಿಕೆಗಳಲ್ಲಿ ಕನ್ನಡನಾಡಿನ ಉತ್ತರಭಾಗಕ್ಕೆ ಪಾರಸಿ ಮತ್ತು ಮರಾಠಿ ಮೂಲದ ಅಧಿಕಾರನಾಮಗಳು ಸೇರಿದುವು. ಪರಗಣೆಯ ಮುಖ್ಯಸ್ಥನು ದೇಸಾಯಿ ಅಥವಾ ದೇಶಮುಖ. ಅದರ ಲೆಕ್ಕಿಗನು ದೇಶಪಾಂಡೆ. ಹಳ್ಳಿಯ ಮುಖ್ಯಸ್ಥನು ಪಾಟೀಲ, ಲೆಕ್ಕಿಗನು ಕುಲಕರ್ಣಿ. ಇನಾಮುಭೂಮಿ ಪಡೆದವನು ಇನಾಮದಾರ, ಕೋಟೆಯನ್ನು ಕಾಯುವವನು ಕಿಲ್ಲೇದಾರ, ಲೆಕ್ಕಪತ್ರಗಳನ್ನು ಕೂಡಿಸಿ ನೋಡುವವನು ಮುಜುಮದಾರ, ನಾಣ್ಯವನ್ನು ಪರೀಕ್ಷಿಸುವವನು ಪೋತದಾರ. ಪಾಟೀಲ ಶಬ್ದವು ಹಳೆಯ ತಾಮ್ರಪಟಗಳಲ್ಲಿ ಬರುವ ‘ಪಟ್ಟಕಿಲ’ ಎಂಬುದರಿಂದ ಬಂದುದೆಂದು ಪಂಡಿತರು ಹೇಳುವರು. ಗುಜರಾತಿನ ಪಟೇಲನೂ ಮೈಸೂರು ಸೀಮೆಯ ಹಳ್ಳಿಗಳ ಪಟೇಲನೂ ಅದೇ ಮೂಲದವರು. ಹೀಗೆ ಗೌಡ, ಪಾಟೀಲ, ಪಟೇಲ ಎಂಬ ಮೂರು ಹೆಸರುಗಳ ಹಿಂದೆ ಇದ್ದುದು ಒಂದೇ ಗದ್ದುಗೆ.

ಆಂಗ್ಲರ ಆಳಿಕೆಯು ಬಂದಾಗ ಅವರ ಅಧಿಕಾರಪದಗಳೂ ಹೆಸರಿಗೆ ಹತ್ತಿಕೊಂಡುವು. ಧಾರವಾಡದ ಸೀಮೆಯಲ್ಲಿ ಕನ್ನಡ ಶಾಲೆಗಳನ್ನು ಬೆಳೆಸಿದ ಚೆನ್ನಬಸಪ್ಪನವರು ವಿದ್ಯಾ ಇಲಾಖೆಯಲ್ಲಿ ಡೆಪ್ಯುಟಿ ಇನ್‌ಸ್ಪೆಕ್ಟರರಾಗಿದ್ದುದರಿಂದ ‘ಡೆಪ್ಯುಟಿ ಚೆನ್ನಬಸಪ್ಪ’ನವರೆಂದೇ ಪ್ರಸಿದ್ಧರಾದರು. ಪರಭಾಷೆಯ ಪದವಾದರೂ ಅದು ಬಂದು ನಿಂತದ್ದು ಕನ್ನಡದ ಕ್ರಮದಲ್ಲಿ, ಹೆಸರಿನ ಮುಂದೆ.

ಈ ಅಧಿಕಾರಗಳೆಲ್ಲ ಇಂದು ಇಲ್ಲ. ಮುಂಬಯಿ ಸರಕಾರವು ೧೯೫೦ರಲ್ಲಿ ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ರದ್ದುಪಡಿಸುವ ಕಾಯಿದೆಯನ್ನು ಮಾಡಿತು. ಕನ್ನಡನಾಡು ಒಂದಾದ ಮೇಲೆ ೧೯೬೧ರ ಕಾಯಿದೆಯು ಉಳಿದ ಗ್ರಾಮಾಧಿಕಾರಗಳ ವಂಶಪಾರಂಪರ್ಯ ಹಕ್ಕನ್ನೂ ತೆಗೆದುಹಾಕಿತು. ಗದ್ದುಗೆ ಹೋಯಿತು, ಇನಾಮು ಹೋಯಿತು, ಹೆಸರು ಮಾತ್ರ ಉಳಿಯಿತು. ಕೆರೆಯು ಬತ್ತಿದರೂ ಕೆರೆಯ ಹೆಸರು ಊರಿಗೆ ಉಳಿಯುವಂತೆ.

೪. ಅಡ್ಡಹೆಸರಿನ ವ್ಯಾಕರಣ

ಬೆಲ್ಲದ, ತುಪ್ಪದ, ಉಪ್ಪಿನ, ಬಡಿಗೇರ, ಗಾಣಿಗೇರ, ಅಂಬಿಗೇರ, ಮಡಿವಾಳರ ಎಂಬ ಅಡ್ಡಹೆಸರುಗಳನ್ನು ಪರಪ್ರಾಂತದವರು ಕೇಳಿದಾಗ ಮಾತು ಅರ್ಧಕ್ಕೆ ನಿಂತಿತೆಂದು ಅವರಿಗೆ ತೋರುವುದು. ನಿಜವಾಗಿಯೂ ಅದು ಅರ್ಧಮಾತೇ. ಇವೆಲ್ಲವೂ ಷಷ್ಠೀವಿಭಕ್ತಿಯ ರೂಪಗಳು. ‘ಬೆಲ್ಲದ ಅಂಗಡಿಯ ಬಸಪ್ಪ’ ಎಂಬಲ್ಲಿ ಅಂಗಡಿಯು ಲೋಪವಾಗಿ ‘ಬೆಲ್ಲದ ಬಸಪ್ಪ’ ಎಂದಾಯಿತು. ‘ಬಡಿಗೇರ ಮನೆಯ ಮೌನೇಶ’ ಎಂಬಲ್ಲಿ ಮನೆಯು ಲೋಪವಾಗಿ ‘ಬಡಿಗೇರ ಮೌನೇಶ’ ಎಂದಾಯಿತು. ಮುಂದೆ ಬರುವ ಹೆಸರಿನೊಡನೆ ಓದಿದಾಗ ಮಾತ್ರ ಈ ಷಷ್ಠಿಗೆ ಅರ್ಥವುಂಟು. ಮೆಣಸಿನಕಾಯಿ, ಉಳ್ಳಾಗಡ್ಡಿ, ಅಕ್ಕಿ, ಹತ್ತಿ, ಜವಳಿ, ಕಂಬಳಿ, ಅಂಗಡಿ ಮುಂತಾದ ಹೆಸರುಗಳೂ ಹೀಗೆಯೇ ಪೇಟೆಯಲ್ಲಿ ಮಾರಿದ ಸರಕಿನಿಂದಲೋ ಹಿಡಿದ ವ್ಯಾಪಾರದಿಂದಲೋ ಬಂದುವು. ಇವುಗಳಲ್ಲಿ ಹಾಸ್ಯವೇನೂ ಇಲ್ಲ. ಸಂತೆಯಲ್ಲಿ ಒಂದೇ ಹೆಸರಿನ ಹತ್ತು ಮಂದಿ ಬಸಪ್ಪಗಳಿದ್ದಾಗ ಬೇಕಾದ ಬಸಪ್ಪನನ್ನು ಹುಡುಕುವ ಉಪಾಯವಿದು.

ಆಂಗ್ಲರ ಆಳಿಕೆಯಲ್ಲಿ ಶಾಲೆಯ ದಾಖಲೆ, ಭೂಮಿಯ ಪಹಣಿ, ನೌಕರಿಯ ಪಟ್ಟಿ ಇವುಗಳು ಬಂದಾಗ ಮುಂಬಯಿ ಇಲಾಖೆಯ ಪದ್ಧತಿಯಂತೆ ಮೊದಲು ಸ್ವಂತ ಹೆಸರು, ಆ ಮೇಲೆ ತಂದೆಯ ಹೆಸರು, ಕಡೆಗೆ ಅಡ್ಡಹೆಸರು ಎಂಬ ಕ್ರಮವು ನೆಲೆಗೊಂಡಿತು. ‘ಬೆಲ್ಲದ ಬಸಪ್ಪ’ನು ‘ಬಸಪ್ಪ ಬೆಲ್ಲದ’ನಾದನು. ಷಷ್ಠೀವಿಭಕ್ತಿಯು ವಾಕ್ಯದ ಕೊನೆಯಲ್ಲಿ ಆಸರೆಯಿಲ್ಲದೆ ನಿಂತಿತು. ಚೀಣರೂ ಜಪಾನರೂ ಇಂದಿಗೂ ಮನೆತನದ ಹೆಸರನ್ನೇ ಮುಂದೆ ಹೇಳುವರು. ತೆಲುಗರ ಇಂಟಿಪೇರೂ ಮುಂದೆಯೇ ನಿಲ್ಲುವುದು. ಕನ್ನಡದ ಹಳ್ಳಿಗಳಲ್ಲಿ ಹಿರಿಯರು ಈಗಲೂ ಹಳೆಯ ಕ್ರಮದಲ್ಲಿಯೇ ಕರೆಯುವುದುಂಟು.

ಮೈಸೂರು ಸಂಸ್ಥಾನದಲ್ಲಿ ಬೇರೊಂದು ಪದ್ಧತಿಯು ಬೆಳೆಯಿತು. ಅಲ್ಲಿ ಊರಿನ ಹೆಸರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಕಡೆಗೆ ಸ್ವಂತ ಹೆಸರು. ಬೆಳ್ಳೂರು ಮೈಲಾರಯ್ಯನವರ ಮಗ ಶ್ರೀಕಂಠಯ್ಯನವರು ಬಿ. ಎಂ. ಶ್ರೀಕಂಠಯ್ಯನವರಾದರು, ಕುಪ್ಪಳಿಯ ವೆಂಕಟಪ್ಪನವರ ಮಗ ಪುಟ್ಟಪ್ಪನವರು ಕೆ. ವಿ. ಪುಟ್ಟಪ್ಪನವರಾದರು. ಧಾರವಾಡದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರಾದರೋ ದ. ರಾ. ಬೇಂದ್ರೆ. ಮೊದಲಿನ ಇಬ್ಬರಲ್ಲಿ ಅಡ್ಡಹೆಸರಿಲ್ಲ, ಊರುಂಟು. ಮೂರನೆಯವರಲ್ಲಿ ಊರಿಲ್ಲ, ಅಡ್ಡಹೆಸರುಂಟು. ೧೯೫೬ರ ನವೆಂಬರ ೧ರಂದು ಕನ್ನಡನಾಡು ಒಂದಾದಾಗ ಈ ಎರಡು ಪದ್ಧತಿಗಳೂ ಒಂದೇ ಸೂರಿನ ಕೆಳಗೆ ಬಂದುವು. ಹೊಸ ರಾಜ್ಯದ ಮೊದಲ ಮುಖ್ಯಮಂತ್ರಿಗಳಾದ ಎಸ್. ನಿಜಲಿಂಗಪ್ಪನವರ ಮೊದಲಕ್ಷರವು ಸಿದ್ದವನಹಳ್ಳಿಯೆಂಬ ಊರು. ೧೯೫೮ರಲ್ಲಿ ಅವರ ತರುವಾಯ ಬಂದ ಬಿ. ಡಿ. ಜತ್ತಿಯವರ ಅಕ್ಷರಗಳು ಬಸಪ್ಪ ಎಂಬ ಸ್ವಂತ ಹೆಸರು ಮತ್ತು ದಾನಪ್ಪ ಎಂಬ ತಂದೆಯ ಹೆಸರು. ಇಬ್ಬರೂ ಒಂದೇ ಧರ್ಮದವರು, ಒಂದೇ ನುಡಿಯವರು. ಆದರೆ ಹೆಸರಿನ ಕಟ್ಟಡವು ಮಾತ್ರ ಆಳಿದ ಸರಕಾರಗಳ ಗುರುತನ್ನು ಹೊತ್ತಿದೆ. ಆದುದರಿಂದ ಅಡ್ಡಹೆಸರಿನ ಇರುವಿಕೆಯಾಗಲಿ ಇಲ್ಲದಿರುವಿಕೆಯಾಗಲಿ ಮನೆತನದ ಹೆಚ್ಚುಕಡಿಮೆಯನ್ನು ಸೂಚಿಸುವುದಿಲ್ಲವೆಂದು ತಿಳಿಯತಕ್ಕದ್ದು.

೫. ಮಠಗಳಿಂದ ಬಂದ ಹೆಸರುಗಳು

ಹಿರೇಮಠ, ಚಿಕ್ಕಮಠ, ಕಲ್ಮಠ, ಗವಿಮಠ, ಹೊಸಮಠ, ಸಾಲಿಮಠ, ಮಠಪತಿ, ಗಣಾಚಾರಿ, ಪುರಾಣಿಕ ಎಂಬ ಹೆಸರುಗಳು ಮಠದ ಸುತ್ತಲಿನ ಬಾಳನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತವೆ. ಊರಲ್ಲಿ ಎರಡು ಮಠಗಳಿದ್ದಾಗ ಹಿರಿದು ಹಿರೇಮಠ, ಕಿರಿದು ಚಿಕ್ಕಮಠ. ಸಾಲಿಯೆಂದರೆ ಶಾಲೆ, ಮಕ್ಕಳಿಗೆ ಅಕ್ಷರವನ್ನು ಕಲಿಸಿದ ಮಠವು ಸಾಲಿಮಠ. ಸರಕಾರದ ಶಾಲೆಗಳು ಬರುವುದಕ್ಕೆ ಬಹುಕಾಲ ಮೊದಲು ಹಳ್ಳಿಯ ವಿದ್ಯೆಯು ಎಲ್ಲಿತ್ತೆಂಬುದಕ್ಕೆ ಈ ಅಡ್ಡಹೆಸರೇ ಸಾಕ್ಷಿಯಾಗಿದೆ.

ಹೆಸರು ಊರಿಂದೂರಿಗೆ ಸಂಚರಿಸುವುದಕ್ಕೆ ತೋಂಟದ ಸಿದ್ಧಲಿಂಗ ಯತಿಗಳಿಗಿಂತ ಉತ್ತಮವಾದ ಉದಾಹರಣೆಯಿಲ್ಲ. ಕಗ್ಗೆರೆಯ ತೋಟದಲ್ಲಿ ತಪಸ್ಸನ್ನು ಆಚರಿಸಿದುದರಿಂದ ಅವರಿಗೆ ‘ತೋಂಟದ’ ಎಂಬ ವಿಶೇಷಣವು ಬಂದಿತು. ಅವರ ಗದ್ದುಗೆಯು ಎಡೆಯೂರಿನಲ್ಲಿದೆ. ಆದರೆ ಆ ತೋಟದ ಹೆಸರು ಶಿಷ್ಯಪರಂಪರೆಯೊಡನೆ ಉತ್ತರಕ್ಕೆ ನಡೆದು, ಡಂಬಳ ಮತ್ತು ಗದಗಿನ ತೋಂಟದಾರ್ಯಮಠದಲ್ಲಿ ನೆಲೆಗೊಂಡಿತು. ತೋಟವು ತುಮಕೂರು ಸೀಮೆಯಲ್ಲಿ ಉಳಿಯಿತು, ಅದರ ಹೆಸರು ಗದಗಿನಲ್ಲಿ ದಾಸೋಹ ಮಾಡುತ್ತಿದೆ.

ಸನ್ಯಾಸಾಶ್ರಮವೂ ಒಂದು ವಲಸೆಯೇ. ರಾಣೇಬೆನ್ನೂರು ತಾಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ ಹುಟ್ಟಿದ ಹಾಲಯ್ಯನವರು ಹಾನಗಲ್ಲ ವಿರಕ್ತಮಠಕ್ಕೆ ಬಂದು ಕುಮಾರಸ್ವಾಮಿಗಳಾದರು. ಹುಟ್ಟಿದೂರು ಮರೆಯಾಗಿ, ಪೀಠದ ಊರು ಅವರ ಹೆಸರಾಯಿತು. ೧೯೦೯ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಆ ಮಹನೀಯರನ್ನು ಲೋಕವು ಹಾನಗಲ್ಲ ಶ್ರೀಗಳೆಂದೇ ಬಲ್ಲುದು. ಹೆಣ್ಣುಮಕ್ಕಳ ಮದುವೆಯೂ ಇಂತಹದೇ: ಕಾಕತಿಯಲ್ಲಿ ಹುಟ್ಟಿದ ಚೆನ್ನಮ್ಮನು ಕಿತ್ತೂರಿನ ಚೆನ್ನಮ್ಮನಾಗಿ ೧೮೨೪ರಲ್ಲಿ ಆಂಗ್ಲರನ್ನು ಎದುರಿಸಿದಳು. ದತ್ತಕವೂ ಇಂತಹದೇ: ಶಿಗ್ಲಿಯಲ್ಲಿ ಹುಟ್ಟಿ ಸಿರಸಂಗಿಯ ದೇಸಗತಿಗೆ ದತ್ತುಹೋದ ಲಿಂಗರಾಜರು, ತಾವು ಹುಟ್ಟದ ಮನೆತನದ ಹೆಸರಿನಿಂದಲೇ ತ್ಯಾಗವೀರರೆಂದು ಅಮರರಾದರು.

೬. ನಾಡಿನೊಳಗಣ ವಲಸೆ

ಊರಿನಲ್ಲಿಯೇ ಇರುವವನಿಗೆ ಊರಿನ ಹೆಸರು ಗುರುತಾಗಲಾರದು. ಊರಲ್ಲಿ ಎಲ್ಲರೂ ಅದೇ ಊರಿನವರು. ಊರಿನ ಹೆಸರನ್ನು ಅಡ್ಡಹೆಸರಾಗಿ ಹೊತ್ತ ಮನೆತನವು ಎಂದೋ ಒಂದು ದಿನ ಆ ಊರನ್ನು ಬಿಟ್ಟು ಬಂದಿತೆಂದೇ ಬಹುಮಟ್ಟಿಗೆ ತಿಳಿಯಬೇಕು. ಇದು ಹೆಸರುಗಳ ಚರಿತ್ರೆಯಲ್ಲಿ ಒಂದು ಮುಖ್ಯವಾದ ಸೂತ್ರ.

ಧಾರವಾಡದ ಹತ್ತಿರದ ಮನಸೂರಿನಲ್ಲಿ ಹುಟ್ಟಿ ತಮ್ಮ ಗಾನದಿಂದ ವಚನಗಳನ್ನು ದೇಶಕ್ಕೆಲ್ಲ ಕೇಳಿಸಿದ ಮಲ್ಲಿಕಾರ್ಜುನರು ಮಲ್ಲಿಕಾರ್ಜುನ ಮನಸೂರರಾದರು. ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿಯವರ ಹೆಸರಿನಲ್ಲಿ ಹಿರಿಯರ ಹಾನಗಲ್ಲು ಉಳಿಯಿತು. ಮೋಕ್ಷಗುಂಡವೆಂಬುದು ಆಂಧ್ರದೇಶದ ಒಂದು ಹಳ್ಳಿ. ಅಲ್ಲಿಂದ ಹಿರಿಯರು ವಲಸೆ ಬಂದು ಮುದ್ದೇನಹಳ್ಳಿಯಲ್ಲಿ ನೆಲೆಸಿದ ಮನೆತನದಲ್ಲಿ ೧೮೬೧ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು, ತಾವು ಬಾಳದಿದ್ದ ಆ ಹಳ್ಳಿಯನ್ನು ತಮ್ಮ ಹೆಸರಿನ ಮೊದಲಕ್ಷರವಾಗಿ ಕೊನೆಯತನಕ ಹೊತ್ತರು. ಮಥೇರಾನದಲ್ಲಿ ಹುಟ್ಟಿದ ಗಿರೀಶರ ಹೆಸರಿನಲ್ಲಿ ಮೂಲ್ಕಿಯ ಹತ್ತಿರದ ಕಾರ್ನಾಡು ಇದ್ದಿತು. ಮನುಷ್ಯನು ಮರೆತ ಊರನ್ನು ಹೆಸರು ಮರೆಯುವುದಿಲ್ಲ.

ಭಾಷೆಯ ಗಡಿಯನ್ನು ದಾಟಿದಾಗ ಹೆಸರಿನ ಪ್ರತ್ಯಯಗಳೂ ಮಾರ್ಪಡುವುವು. ಸೊಲ್ಲಾಪುರ, ಸಾಂಗಲಿ, ಮುಂಬಯಿಗಳಿಗೆ ಹೋದ ಕನ್ನಡಿಗರಲ್ಲಿ ಊರಿನ ಹೆಸರಿಗೆ ಮರಾಠಿಯ ‘ಕರ’ ಪ್ರತ್ಯಯವು ಹತ್ತಿ ಹುಬಳೀಕರ, ವಿಜಾಪುರಕರ, ಧಾರವಾಡಕರ ಎಂಬ ರೂಪಗಳು ಉಂಟಾದುವು. ಕನ್ನಡದ ಶೆಟ್ಟಿಗೆ ಮರಾಠಿಯ ಶೇಟೆಯೂ, ಬಣಜಿಗನಿಗೆ ವಾಣಿಯೂ ದಾಯಾದಿಗಳು. ಒಂದು ಶ್ರೇಷ್ಠಿಯಿಂದ, ಇನ್ನೊಂದು ವಣಿಜದಿಂದ ಬಂದುದು. ಮಹಾರಾಷ್ಟ್ರದ ಲಿಂಗಾಯತರಲ್ಲಿ ಸ್ವಾಮಿ, ಜಂಗಮ ಎಂಬುವೂ ಅಡ್ಡಹೆಸರುಗಳಾಗಿ ನಿಂತಿರುವುವು. ಹೀಗಿರಲು ಹೆಸರಿನ ಉಚ್ಚಾರವು ಬೇರೆಯಾದ ಮಾತ್ರಕ್ಕೆ ಬಳ್ಳಿಯು ಬೇರೆಯೆಂದು ಹೇಳಲಾಗದು.

ಕುಲದ ಭಾರವನ್ನು ಇಳಿಸಲು ಊರಿನ ಹೆಸರನ್ನು ಹಿಡಿದವರೂ ಉಂಟು. ಡಾಕ್ಟರ ಭೀಮರಾವ ಅಂಬೇಡಕರರ ಮನೆತನದ ಹೆಸರು ಸಕಪಾಳ. ಅವರ ತಂದೆಯವರು ಶಾಲೆಯಲ್ಲಿ ಆಂಬಡವೆ ಎಂಬ ತಮ್ಮ ಹಳ್ಳಿಯ ಮೇಲಿಂದ ಆಂಬಡವೇಕರನೆಂದು ಬರೆಯಿಸಿದರು. ಅದೇ ಮುಂದೆ ಅಂಬೇಡಕರ ಎಂದಾಗಿ ಭಾರತದ ಸಂವಿಧಾನದೊಡನೆ ಶಾಶ್ವತವಾಯಿತು. ತಮಿಳುನಾಡಿನಲ್ಲಿ ೧೯೨೯ರ ಚೆಂಗಲ್ಪಟ್ಟಿನ ಸ್ವಾಭಿಮಾನ ಸಮ್ಮೇಲನವು ಹೆಸರಿನ ಕೊನೆಯ ಜಾತಿಸೂಚಕ ಪದಗಳನ್ನು ಬಿಡಬೇಕೆಂದು ನಿರ್ಣಯಿಸಿತು. ಅಲ್ಲಿ ಇಂದು ತಂದೆಯ ಹೆಸರಿನ ಮೊದಲಕ್ಷರ ಮತ್ತು ಸ್ವಂತ ಹೆಸರು ಇಷ್ಟೇ ಉಳಿದುವು. ಕುಲವನ್ನು ಕೇಳಬಾರದೆಂಬುದು ಶರಣರ ಮತವಾಗಿರಲು, ಕುಲವನ್ನು ಹೇಳುವ ಹೆಸರನ್ನು ಬಿಟ್ಟವರನ್ನು ಶರಣರ ಅನುಯಾಯಿಗಳು ಅಲ್ಲಗಳೆಯಲಾಗದು.

ಕರಾವಳಿಯ ಕ್ರೈಸ್ತರಲ್ಲಿ ಈ ಚರಿತ್ರೆಯು ಬೇರೊಂದು ರೂಪವನ್ನು ತಾಳಿತು. ಗೋವೆಯಲ್ಲಿ ಪೋರ್ತುಗೀಜರ ಕಾಲದಲ್ಲಿ ದೀಕ್ಷೆ ಪಡೆದವರಿಗೆ ಡಿಸೋಜ, ಪಿಂಟೊ, ಲೋಬೊ ಮುಂತಾದ ಹೆಸರುಗಳು ಬಂದುವು. ಅವರು ಮಂಗಳೂರಿನ ಸೀಮೆಗೆ ವಲಸೆ ಬಂದಾಗ ಆ ಹೆಸರುಗಳನ್ನೇ ತಂದರು. ಆದರೆ ಅನೇಕ ಮನೆಗಳಲ್ಲಿ ಪ್ರಭು, ಕಾಮತ, ನಾಯಕ, ಶೇಟ ಎಂಬ ಹಳೆಯ ಮನೆತನದ ನೆನಪು ಒಳಗೊಳಗೆ ಬಾಳಿತು.

೭. ಕಡಲಾಚೆಯ ವಲಸೆ

ಮನೆತನದ ಹೆಸರು ಎಲ್ಲ ದೇಶಗಳಲ್ಲಿಯೂ ಅನಾದಿಯಿಂದ ಇದ್ದುದೆಂದು ಭಾವಿಸಬಾರದು. ಇಂಗ್ಲೆಂಡಿನಲ್ಲಿ ೧೦೬೬ರ ನಾರ್ಮನರ ವಿಜಯದ ತರುವಾಯ ಮೂರು ನಾಲ್ಕು ಶತಮಾನಗಳಲ್ಲಿ ಅದು ಮೆಲ್ಲನೆ ನೆಲೆಗೊಂಡಿತು. ಹಾಲೆಂಡಿನಲ್ಲಿ ೧೮೧೧ರ ನೆಪೋಲಿಯನನ ಆಜ್ಞೆಯಿಂದಲೂ, ಜಪಾನಿನಲ್ಲಿ ೧೮೭೫ರ ಆಜ್ಞೆಯ ಮೂಲಕ ಸಾಮಾನ್ಯ ಜನರಿಗೂ, ತುರ್ಕಸ್ಥಾನದಲ್ಲಿ ೧೯೩೪ರ ಕಾಯಿದೆಯಿಂದಲೂ ಅದು ಕಡ್ಡಾಯವಾಯಿತು. ಐಸಲೆಂಡಿನಲ್ಲಿ ಇಂದಿಗೂ ಬಹುಜನರು ತಂದೆಯ ಇಲ್ಲವೆ ತಾಯಿಯ ಹೆಸರಿನಿಂದಲೇ ಗುರುತಿಸಲ್ಪಡುವರು. ತೆರಿಗೆ, ಸೈನ್ಯ, ಜನಗಣತಿ ಇವುಗಳಿಗಾಗಿ ಸರಕಾರಗಳಿಗೆ ಸ್ಥಿರವಾದ ಹೆಸರು ಬೇಕಾಯಿತು. ಇದೇ ಮುಖ್ಯ ಕಾರಣ.

ಅಮೇರಿಕೆಗೆ ಹೋದವರ ಹೆಸರನ್ನು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ಅಧಿಕಾರಿಗಳು ಕೇಳಿದಂತೆ ಬರೆದು ಕೆಡಿಸಿದರೆಂಬ ಕಥೆಯು ಬಹಳ ಪ್ರಚಾರದಲ್ಲಿದೆ. ೧೮೯೨ರಿಂದ ೧೯೫೪ರವರೆಗೆ ನಡೆದ ಆ ಠಾಣೆಯನ್ನು ಸುಮಾರು ೧ ಕೋಟಿ ೨೦ ಲಕ್ಷ ಜನರು ದಾಟಿದರು. ಆದರೆ ಚರಿತ್ರಕಾರರು ಶೋಧಿಸಿದಂತೆ, ಪ್ರಯಾಣಿಕರ ಪಟ್ಟಿಯನ್ನು ಬರೆದವರು ಹೊರಡುವ ಬಂದರಿನ ಹಡಗಿನ ಕಂಪನಿಯವರು. ಠಾಣೆಯ ಅಧಿಕಾರಿಗಳು ಅದನ್ನು ತಾಳೆ ನೋಡುತ್ತಿದ್ದರಷ್ಟೆ. ಹೆಸರನ್ನು ಬದಲಿಸಿದವರು ಬಹುತರವಾಗಿ ವಲಸಿಗರೇ. ನೌಕರಿ ಸಿಗಲೆಂದು, ನೆರೆಯವರ ನಾಲಗೆಗೆ ಸುಲಭವಾಗಲೆಂದು, ಜರ್ಮನರ ಮ್ಯೂಲರನು ಮಿಲ್ಲರನಾದನು, ಶ್ಮಿಟ್ಟನು ಸ್ಮಿತ್ತನಾದನು. ಪರರು ಕಸಿದುಕೊಂಡರೆಂದು ಹೇಳುವುದು ಸುಲಭ. ನಾವೇ ಬಿಟ್ಟೆವೆಂದು ಹೇಳುವುದು ಕಠಿಣ. ಈ ಕಥೆಯು ಜನಪ್ರಿಯವಾಗಿ ಉಳಿದಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ದಕ್ಷಿಣಹಿಂದೂಸ್ಥಾನದಿಂದ ಕರಾರಿನ ಕೂಲಿಗಳಾಗಿ ಹೋದವರ ಸಂಗತಿಯು ಹೆಚ್ಚು ಕರುಣಾಜನಕವಾಗಿದೆ. ಮದರಾಸಿನಿಂದ ಹೊರಟ ‘ಟ್ರೂರೊ’ ಎಂಬ ಹಡಗು ೧೮೬೦ರ ನವೆಂಬರ ೧೬ರಂದು ದಕ್ಷಿಣ ಆಫ್ರಿಕೆಯ ಡರ್ಬನ್ ಬಂದರನ್ನು ಮುಟ್ಟಿತು. ಅಲ್ಲಿಯ ಕಾರಕೂನರು ಬರೆದ ಕಾಗುಣಿತವೇ ಅನೇಕ ಮನೆತನಗಳಿಗೆ ಕಾಯಂ ಆಯಿತು. ತಮಿಳರ ‘ಕವುಂಡರ್’ ಎಂಬುದು ನಮ್ಮ ಗಾವುಂಡ ಶಬ್ದದ ಸೋದರನೆಂದು ಎಣಿಸಲ್ಪಟ್ಟಿದೆ. ಅದೇ ಆಫ್ರಿಕೆಯಲ್ಲಿ ‘ಗೋವೆಂಡರ್’ ಎಂದಾಯಿತು. ಕನ್ನಡದ ಶಾಸನಗಳ ಗಾವುಂಡನ ಬಳಗದ ಒಂದು ಶಬ್ದವು ಕಬ್ಬಿನ ತೋಟದ ಕೂಲಿಯ ಚೀಟಿಯ ಮೇಲೆ ಗುರುತು ಸಿಗದ ರೂಪದಲ್ಲಿ ನಿಂತಿತು.

ಅಮೇರಿಕೆಯು ೧೯೬೫ರಲ್ಲಿ ತನ್ನ ವಲಸೆಯ ಕಾಯಿದೆಯನ್ನು ಸಡಿಲಿಸಿದ ಮೇಲೆ ಕನ್ನಡನಾಡಿನ ವೈದ್ಯರೂ ಇಂಜಿನಿಯರರೂ ಅಲ್ಲಿಗೆ ಹೆಚ್ಚಾಗಿ ಹೋಗತೊಡಗಿದರು. ಉತ್ತರದ ಜಿಲ್ಲೆಗಳಿಂದ ಹೋದ ಪಾಟೀಲ, ದೇಸಾಯಿ, ಹಿರೇಮಠರಿಗೆ ತೊಂದರೆಯು ಕಡಿಮೆ. ಅಡ್ಡಹೆಸರು ಸಿದ್ಧವಾಗಿಯೇ ಇತ್ತು. ಹಿರೇಮಠರ ಹೆಸರಿನ ಕೊನೆಯನ್ನು ಅಲ್ಲಿಯವರು ಗಣಿತವೆಂದು ಓದುವರಷ್ಟೆ. ಆದರೆ ಮೈಸೂರು ಸೀಮೆಯಿಂದ ಹೋದವರಿಗೆ, ಅಡ್ಡಹೆಸರೇನೆಂದು ಕೇಳುವ ಅಂಕಣದ ಮುಂದೆ ಉತ್ತರವಿರಲಿಲ್ಲ. ಒಬ್ಬನು ಊರಿನ ಮೊದಲಕ್ಷರವನ್ನು ಬಿಡಿಸಿ ಬರೆದನು; ಅವನ ತಮ್ಮನು ತಂದೆಯ ಹೆಸರನ್ನು ಬರೆದನು; ಇನ್ನೊಬ್ಬನು ತನ್ನ ಹೆಸರನ್ನೇ ಎರಡಾಗಿ ಒಡೆದು ಬರೆದನು. ಅಣ್ಣತಮ್ಮಂದಿರು ಕಾಗದದ ಮೇಲೆ ಪರಕೀಯರಾದರು. ಹೆಂಡತಿಯು ಗಂಡನ ಸ್ವಂತ ಹೆಸರನ್ನು ಅಡ್ಡಹೆಸರಾಗಿ ಪಡೆದಳು; ಮಕ್ಕಳೂ ಅದನ್ನೇ ಪಡೆದರು; ಮೊಮ್ಮಕ್ಕಳಿಗೆ ಅಜ್ಜನನ್ನು ತೊಟ್ಟಿಲಲ್ಲಿ ಕರೆದ ಹೆಸರೇ ಮನೆತನದ ಹೆಸರಾಗಿ ನಿಂತಿತು. ಯುರೋಪಿನಲ್ಲಿ ಶತಮಾನಗಳು ಹಿಡಿದ ಕಾರ್ಯವು ಇಲ್ಲಿ ಒಂದೇ ತಲೆಮಾರಿನಲ್ಲಿ ಮುಗಿಯಿತು. ಒಂದೇ ಹೆಸರುಳ್ಳವರ ಪಾಡಂತೂ ಇನ್ನೂ ವಿಚಿತ್ರ: ರಹದಾರಿಯಲ್ಲಿ ಸ್ವಂತ ಹೆಸರಿನ ಅಂಕಣವು ಬರಿದಾಗಿದ್ದರೆ ಅಮೇರಿಕೆಯ ವೀಸಾದಲ್ಲಿ ‘ಹೆಸರು ತಿಳಿಯದು’ ಎಂಬರ್ಥದ ಮೂರು ಅಕ್ಷರಗಳನ್ನು ಮುದ್ರಿಸುವರು. ೨೦೨೨ರ ನವೆಂಬರಿನಲ್ಲಿ ಅರಬ ಸಂಯುಕ್ತ ಸಂಸ್ಥಾನಗಳು, ರಹದಾರಿಯಲ್ಲಿ ಒಂದೇ ಹೆಸರುಳ್ಳ ಪ್ರವಾಸಿಗಳಿಗೆ ಪ್ರವೇಶವಿಲ್ಲವೆಂದು ಸಾರಿದುವು. ತಾಯಿಯು ಕರೆದ ಒಂದು ಹೆಸರು ಗಡಿಯನ್ನು ದಾಟಲು ಸಾಲದಾಯಿತು.

೮. ಉಪಸಂಹಾರ

ಮೇಲಿನ ವಿಚಾರದಿಂದ ಎರಡು ಮಾತುಗಳು ಸಿದ್ಧವಾಗುವುವು. ಹೆಸರು ಯಾವಾಗಲೂ ಮಾರ್ಪಡುತ್ತಲೇ ಬಂದಿದೆ. ಆದುದರಿಂದ ಮಾರ್ಪಟ್ಟ ಹೆಸರಿನ ಮನೆತನವನ್ನು ಹೀನವಾಗಿ ಕಾಣುವುದು ಅಜ್ಞಾನ. ಕನ್ನಡನಾಡೇ ೧೯೭೩ರ ನವೆಂಬರ ೧ರಂದು ಮೈಸೂರೆಂಬ ಹೆಸರನ್ನು ಬಿಟ್ಟು ಕರ್ನಾಟಕವೆಂಬ ಹೆಸರನ್ನು ಧರಿಸಲಿಲ್ಲವೆ? ಇದು ಮೊದಲನೆಯ ಮಾತು. ಎರಡನೆಯದು, ಹೆಸರು ಮಾರ್ಪಟ್ಟಾಗ ಹಳೆಯ ಹೆಸರನ್ನು ಬರೆದಿಡದೆ ಹೋದರೆ ದಾರಿಯೇ ಅಳಿಸಿಹೋಗುವುದು. ಮೂರು ತಲೆಮಾರುಗಳ ತರುವಾಯ ದೂರದೇಶದಿಂದ ಒಬ್ಬ ಮೊಮ್ಮಗಳು ಬಂದು, ತನ್ನ ಹಿರಿಯರು ಯಾವ ಊರಿನವರು, ಯಾವ ಗುರುವಿನಿಂದ ಲಿಂಗದೀಕ್ಷೆ ಪಡೆದವರು ಎಂದು ಕೇಳಿದರೆ, ಅವಳ ಕೈಯಲ್ಲಿ ಉಳಿದಿರುವುದು ಒಂದು ಹೆಸರು ಮಾತ್ರ. ಅದೂ ಅಜ್ಜನ ತೊಟ್ಟಿಲ ಹೆಸರಾಗಿದ್ದರೆ ಯಾವ ಊರಿನ ಬಾಗಿಲನ್ನು ತಟ್ಟಬೇಕು?

ಇದಕ್ಕೆ ಉಪಾಯವು ದೊಡ್ಡದಲ್ಲ. ಪ್ರತಿಯೊಂದು ಮನೆಯಲ್ಲಿಯೂ ಒಂದು ಹಾಳೆಯ ಮೇಲೆ ಮೂಲದ ಊರು, ಹಳೆಯ ಅಡ್ಡಹೆಸರು, ಅದು ಬಂದ ಕಾರಣ, ಬದಲಾದ ವರ್ಷ, ನಡೆದುಕೊಳ್ಳುವ ಮಠ ಇವುಗಳನ್ನು ಹಿರಿಯರ ಬಾಯಿಂದ ಕೇಳಿ ಬರೆದಿಡಬೇಕು. ಹೆಣ್ಣುಮಕ್ಕಳ ತವರಿನ ಹೆಸರನ್ನೂ ಬಿಡದೆ ಬರೆಯಬೇಕು. ಅವರ ಹೆಸರೇ ಎಲ್ಲಕ್ಕಿಂತ ಬೇಗ ಅಳಿಸಿಹೋಗುವುದು. ಮಠಗಳ ದಾಸೋಹದ ಖಾತೆಗಳಲ್ಲಿಯೂ ಭಕ್ತರ ಈಗಿನ ಹೆಸರಿನೊಡನೆ ಹಿಂದಿನ ಹೆಸರನ್ನು ಕಾಣಿಸಿದರೆ, ಅಗಲಿದ ಕವಲುಗಳು ಮತ್ತೆ ಒಂದೆಡೆ ಕೂಡಲು ಅನುಕೂಲವಾಗುವುದು.

ಆದರೆ ಹೆಸರನ್ನು ಕಾಪಾಡುವುದು ಹೆಮ್ಮೆಗಾಗಿ ಅಲ್ಲ. ದೇಸಾಯಿಯೆಂದು ಹಿಗ್ಗುವುದೂ ಗಾಣಿಗೇರನೆಂದು ಕುಗ್ಗುವುದೂ ಶರಣಧರ್ಮಕ್ಕೆ ಸಲ್ಲದು. ಗಾಣವನ್ನು ತಿರುಗಿಸಿದ ಕೈ, ಲೆಕ್ಕವನ್ನು ಬರೆದ ಕೈ, ಸಾಲಿಮಠದಲ್ಲಿ ಮಕ್ಕಳ ಬೆರಳನ್ನು ಹಿಡಿದು ಮರಳಿನ ಮೇಲೆ ಅಕ್ಷರವನ್ನು ತಿದ್ದಿಸಿದ ಕೈ, ಇವೆಲ್ಲವುಗಳ ಋಣವು ನಮ್ಮ ಹೆಸರುಗಳಲ್ಲಿದೆ. ಆ ಋಣವನ್ನು ನೆನೆಯುವುದಕ್ಕಾಗಿ ಹೆಸರನ್ನು ಕಾಯಬೇಕು. ಮಠದ ಪಂಕ್ತಿಯಲ್ಲಿ ಪ್ರಸಾದಕ್ಕೆ ಕುಳಿತಾಗ ಯಾರ ಅಡ್ಡಹೆಸರನ್ನೂ ಯಾರೂ ಕೇಳುವುದಿಲ್ಲ. ಊರಲ್ಲಿ ಉಳಿದವನ ಎಲೆಯೂ ಕಡಲು ದಾಟಿ ಬಂದವನ ಎಲೆಯೂ ಒಂದೇ ಸಾಲಿನಲ್ಲಿರುವುವು.